ಗ್ರಂಥಪಾಲಕರು ಪಾಲಿಸುವುದು ಏನನ್ನು?

ಗ್ರಂಥಪಾಲಕಿಯಾಗಿ ಕೆಲಸಕ್ಕೆ ಸೇರಿದ ಮೊದಲ ವರ್ಷವೇ ಸ್ಟಾಕ್ ವೆರಿಫಿಕೇಷನ್, ಅಂದರೆ ಪುಸ್ತಕಗಳ ಎಣಿಕೆ, ಬಂತು. ಒಬ್ಬರು ಪುಸ್ತಕಗಳನ್ನೆಲ್ಲ ನಂಬರು ಕೊಟ್ಟು ದಾಖಲಿಸಿದ ಅಕ್ಸೆಷನ್ ರಿಜಿಸ್ಟರಿನ ನಂಬರು ಕೂಗುವುದು, ಇನ್ನೊಬ್ಬರು ಕಪಾಟಿನಲ್ಲಿ ಹುಡುಕಿ ‘ಇದೆ’ ಅನ್ನುವುದು. 11 ದಿನ ಹೀಗೇ ಸಾಗಿ, ಕೊನೆಗೆ 14 ಪುಸ್ತಕಗಳ ಮುಂದೆ ‘ಇಲ್ಲ’ ಎಂದು ಬರೆಯಬೇಕಾಯಿತು. ಸಂಬಳದಲ್ಲಿ ಹಿಡಿದುಕೊಳ್ಳುತ್ತಾರೆ ಎಂದು ಯಾರೋ ಹೇಳಿದರು. ರಾತ್ರಿಯೆಲ್ಲ ನಿದ್ದೆ ಇಲ್ಲ. ಮರುದಿನ ಬೆಳಿಗ್ಗೆ ಬಂದವಳೇ ಬೆಲೆಬಾಳುವ ಪುಸ್ತಕಗಳನ್ನೆಲ್ಲ ಗಾಜಿನ ಬಾಗಿಲಿನ ಬೀರುವಿಗೆ ಸೇರಿಸಿ, ಬೀಗ ಜಡಿದು, ಬೀಗದ ಕೈಯನ್ನು ಪರ್ಸಿನಲ್ಲಿ ಇಟ್ಟುಕೊಂಡೆ.

ತಿಂಗಳಾದ ಮೇಲೆ ಒಂದು ಮಧ್ಯಾಹ್ನ, ಒಬ್ಬ ಹುಡುಗ ಆ ಬೀರುವಿನ ಮುಂದೆ ಕತ್ತು ವಾಲಿಸಿ ನಿಂತಿದ್ದ. ಗಾಜಿನ ಮೇಲೆ ಬೆರಳಾಡಿಸುತ್ತಾ ಒಳಗಿನ ಪುಸ್ತಕಗಳ ಬೆನ್ನ ಮೇಲಿನ ಹೆಸರುಗಳನ್ನು ಒಂದೊಂದಾಗಿ ಓದುತ್ತಿದ್ದ. ಸಾಲು ಮುಗಿಯಿತು, ಹೊರಟುಹೋದ. ‘ತೆಗೆದುಕೊಡಿ’ ಎಂದು ಕೇಳಲೇ ಇಲ್ಲ. ಗಾಜಿನ ಮೇಲೆ ಅವನ ಬೆರಳಿನ ಗುರುತು ಉಳಿದಿತ್ತು. ಎಂ.ಲಿಬ್ ಪದವಿಗೆ ಓದುವಾಗ ಬಾಯಿಪಾಠ ಮಾಡಿದ್ದ, ‘ಪುಸ್ತಕಗಳಿರುವುದು ಬಳಕೆಗೆ’ ಎಂಬ ಗ್ರಂಥಾಲಯ ವಿಜ್ಞಾನದ ಮೊದಲ ಸೂತ್ರ ನನಗೆ ನಿಜವಾಗಿ ಅರ್ಥವಾದದ್ದು ಆ ಗುರುತನ್ನು ಕಂಡಾಗ.

ವೃತ್ತಿಯ ಅಸ್ಮಿತೆ ಎಂಬುದು ಸರ್ಟಿಫಿಕೇಟಿನ ಜೊತೆಗೆ ಬರುವಂಥದಲ್ಲ. ಈ ಕುರ್ಚಿಯಲ್ಲಿ ಯಾರಿಗಾಗಿ ಕೂತಿದ್ದೇನೆ, ಒತ್ತಡ ಬಂದಾಗ ಯಾವುದನ್ನು ಬಿಟ್ಟುಕೊಡುವುದಿಲ್ಲ ಎಂಬುದಕ್ಕೆ, ಯೋಚಿಸುವ ಮೊದಲೇ ನಮ್ಮ ಕೈ ಕೊಡುವ ಉತ್ತರ ಅದು. ನನ್ನ ಕೈ ಅಂದು ಕೊಟ್ಟ ಉತ್ತರ ಬೀಗ. ಬಹಳಷ್ಟು ಗ್ರಂಥಪಾಲಕರ ಬದುಕಿನಲ್ಲಿ ಈ ಬೀಗದ ಘಟ್ಟ ಬಂದುಹೋಗುತ್ತದೆ. ಕೆಲವರು ಅಲ್ಲೇ ನಿಲ್ಲುತ್ತಾರೆ. ಅವರ ಮೇಲೆ ನನಗೆ ಕೋಪವಿಲ್ಲ. ಭಯ ಎಲ್ಲಿಂದ ಬರುತ್ತದೆಂದು ನನಗೆ ಗೊತ್ತು.

ಆ ಭಯಕ್ಕೊಂದು ಔಷಧ ನಿಯಮದ ಪುಸ್ತಕದಲ್ಲೇ ಇದೆ ಎಂದು ತಿಳಿದದ್ದು ತಡವಾಗಿ. ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳಲ್ಲಿ 215ನೆಯದು ಗ್ರಂಥಾಲಯಗಳಿಗೆ ಸಂಬಂಧಿಸಿದ್ದು. ವರ್ಷದಲ್ಲಿ ಎರವಲು ಕೊಟ್ಟ ಅಥವಾ ಅಲ್ಲೇ ಕುಳಿತು ಓದಿದ ಪ್ರತಿ 1,000 ಸಂಪುಟಗಳಿಗೆ 5 ಕಳೆದುಹೋದರೆ ಅದು ಸಹಜ ನಷ್ಟ ಎಂದು ಅದು ಹೇಳುತ್ತದೆ. ಅಪ್ರಾಮಾಣಿಕತೆ, ನಿರ್ಲಕ್ಷ್ಯ ಇರಬಾರದು, ಅಷ್ಟೆ. 1,000 ರೂಪಾಯಿ ಮೀರಿದ ಪುಸ್ತಕ ಅಥವಾ ಅಪರೂಪದ ಪುಸ್ತಕ ಕಳೆದರೆ ಮಾತ್ರ ತನಿಖೆ ಆಗಲೇಬೇಕು. ಎಣಿಕೆಗೂ ಮಿತಿಗಳಿವೆ: 20,000 ಸಂಪುಟಗಳ ತನಕ ಪ್ರತಿ ವರ್ಷ ಪೂರ್ತಿ ಎಣಿಕೆ, 50,000ದ ತನಕ ಮೂರು ವರ್ಷಕ್ಕೊಮ್ಮೆಯಾದರೂ, ಅದಕ್ಕಿಂತ ದೊಡ್ಡ ಗ್ರಂಥಾಲಯಗಳಲ್ಲಿ ಮಾದರಿ ಎಣಿಕೆ.

ಈ ನಿಯಮದ ಲೆಕ್ಕಾಚಾರವನ್ನು ಇನ್ನೊಮ್ಮೆ ನೋಡಿ. ಸಹಜ ನಷ್ಟ ಅಳೆಯುವುದು ಕಪಾಟಿನಲ್ಲಿ ಎಷ್ಟು ಪುಸ್ತಕ ಇದೆ ಎಂಬುದರಿಂದಲ್ಲ, ಎಷ್ಟು ಓಡಾಡಿತು ಎಂಬುದರಿಂದ. ಪುಸ್ತಕ ಹೆಚ್ಚು ಓಡಾಡಿದಷ್ಟೂ ರಿಯಾಯಿತಿ ಹೆಚ್ಚು. ಬೀಗ ಹಾಕಿಟ್ಟರೆ ರಿಯಾಯಿತಿ ಸೊನ್ನೆ. ಸರ್ಕಾರದ ಹಣಕಾಸು ನಿಯಮವೇ, ಅಷ್ಟು ಒಣ ಭಾಷೆಯಲ್ಲೇ, ಪುಸ್ತಕ ಕೊಡುವವರ ಪಕ್ಷ ವಹಿಸಿದೆ. ಕೇಂದ್ರದ ಈ ನಿಯಮ ರಾಜ್ಯದ, ಖಾಸಗಿ ಆಡಳಿತದ ಸಂಸ್ಥೆಗಳಿಗೆ ನೇರವಾಗಿ ಅನ್ವಯಿಸುವುದಿಲ್ಲ. ಆದರೂ ಆಡಳಿತದವರ ಮುಂದೆ ಇಡಲು ಇದಕ್ಕಿಂತ ಗಟ್ಟಿಯಾದ ಕಾಗದ ಇನ್ನೊಂದಿಲ್ಲ. ನಾನು ಇಟ್ಟೆ. ಚರ್ಚೆಯಾಯಿತು, ಒಪ್ಪಿದರು. ಬೀರು ತೆರೆಯಿತು.

‘ಪಾಲಕ’ ಎಂಬ ಮಾತಿನಲ್ಲಿ ಎರಡು ಅರ್ಥ ಇವೆ: ಕಾಯುವವರು, ಸಾಕಿ ಬೆಳೆಸುವವರು. ಕನ್ನಡ ನಾಡಿನ ಪುಸ್ತಕ ಪರಂಪರೆ ಇವೆರಡನ್ನೂ ಕಂಡಿದೆ. ಮೂಡುಬಿದಿರೆಯ ಬಸದಿಯಲ್ಲಿ ಜೈನರ ಪವಿತ್ರ ಧವಲಾ ಗ್ರಂಥಗಳ ತಾಳೆಗರಿ ಪ್ರತಿಗಳು ಶತಮಾನಗಳ ಕಾಲ ಉಳಿದು ಬಂದವು. ಹೆಚ್ಚಿನವರಿಗೆ ಸಿಗುತ್ತಿದ್ದುದು ದರ್ಶನ ಮಾತ್ರ. ಆ ಕಟ್ಟುನಿಟ್ಟು ಇಲ್ಲದಿದ್ದರೆ ಗ್ರಂಥಗಳೇ ಉಳಿಯುತ್ತಿರಲಿಲ್ಲವೇನೋ. ಆದರೆ ಅವುಗಳ ಓದು ಶುರುವಾದದ್ದು 19ನೇ ಶತಮಾನದ ಕೊನೆಗೆ ನಕಲು ಇಳಿಸುವ ಕೆಲಸ ಆರಂಭವಾಗಿ, 1939ರಿಂದ ಸಂಪುಟಗಳು ಅಚ್ಚಾಗಿ ಬರತೊಡಗಿದಾಗ. ಇನ್ನೊಂದು ಕಡೆ 10ನೇ ಶತಮಾನದ ಅತ್ತಿಮಬ್ಬೆ ಇದ್ದಾಳೆ. ಪೊನ್ನನ ಶಾಂತಿಪುರಾಣದ 1,000 ಪ್ರತಿಗಳನ್ನು ಬರೆಸಿ ಹಂಚಿದವಳು. ಓಲೆಗರಿಯ ಮೇಲೆ ಕಬ್ಬಿಣದ ಚೂಪು ಕಡ್ಡಿಯಿಂದ ಕೊರೆದು ಬರೆಯುವ ಕಾಲದಲ್ಲಿ 1,000 ಪ್ರತಿ! ಅದಕ್ಕೆ ಶಾಸ್ತ್ರದಾನ ಎಂಬ ಹೆಸರೇ ಇತ್ತು. ಹಂಚುವುದೂ ಉಳಿಸುವ ಒಂದು ದಾರಿ ಎಂದು ಆಕೆಗೆ ತಿಳಿದಿತ್ತು. ಓಲೆಗರಿಯ ಕೋಣೆಗೆ ಬೀಗ ಬೇಕು, ಪಠ್ಯಪುಸ್ತಕದ ಕಪಾಟಿಗೆ ಬೇಡ. ಯಾವುದಕ್ಕೆ ಯಾವುದು ಎಂದು ಗುರುತಿಸುವುದೇ ನಮ್ಮ ವಿದ್ಯೆ.

ಈ ವೃತ್ತಿಗೆ ಭಾರತದಲ್ಲಿ ಬೆನ್ನೆಲುಬು ಕೊಟ್ಟ ಎಸ್. ಆರ್. ರಂಗನಾಥನ್ ಅವರಿಗೂ ಮೊದಲು ಈ ಕುರ್ಚಿ ಬೇಡವಾಗಿತ್ತು. ಅವರು ಗಣಿತದ ಮೇಷ್ಟ್ರು. 1924ರ ಜನವರಿಯಲ್ಲಿ ಮದರಾಸು ವಿಶ್ವವಿದ್ಯಾಲಯದ ಗ್ರಂಥಪಾಲಕರಾಗಿ ಬಂದರು. ತರಗತಿಯ ಗಲಗಲ ಬಿಟ್ಟು ಬಂದವರಿಗೆ ಓದುಗರೇ ಇಲ್ಲದ ಆ ಕೋಣೆ ಒಂಟಿ ಸೆರೆಯಂತೆ ಕಂಡಿತು. ಕೆಲವೇ ದಿನಗಳಲ್ಲಿ ಹಳೆಯ ಕಾಲೇಜಿಗೆ ಹೋಗಿ, ಪಾಠ ಮಾಡುವ ಕೆಲಸವನ್ನೇ ವಾಪಸ್ ಕೊಡಿ ಎಂದು ಕೇಳಿದರು. ತರಬೇತಿಗೆ ಲಂಡನ್ನಿಗೆ ಹೋಗಿ ಬನ್ನಿ, ಆಮೇಲೂ ಬೇಡವೆನಿಸಿದರೆ ನೋಡೋಣ ಎಂಬ ಉತ್ತರ ಬಂತು. ಹೋದರು. ಅಲ್ಲಿನ ಸಾರ್ವಜನಿಕ ಗ್ರಂಥಾಲಯಗಳಲ್ಲಿ ಮಕ್ಕಳು, ಕೂಲಿಕಾರರು, ಹೆಂಗಸರು ಬಂದು ಪುಸ್ತಕ ಒಯ್ಯುವುದನ್ನು ಕಂಡರು. 1925ರಲ್ಲಿ ಮರಳಿದವರು ಬೇರೆಯೇ ಮನುಷ್ಯ. ತಾನು ಕಂಡದ್ದನ್ನೆಲ್ಲ ಗಣಿತದವನ ಹಾಗೆ ಕೆಲವೇ ಸೂತ್ರಗಳಿಗೆ ಇಳಿಸಲು ವರ್ಷಗಟ್ಟಲೆ ಒದ್ದಾಡಿದರು. 1928ರಲ್ಲಿ ಅವರ ಗಣಿತದ ಗುರು ಎಡ್ವರ್ಡ್ ರಾಸ್ ಮಾತಿನ ನಡುವೆ ಮೊದಲ ಸೂತ್ರವನ್ನು ಸೂಚಿಸಿದರು ಎಂದು ರಂಗನಾಥನ್ ಅವರೇ ಬರೆದುಕೊಂಡಿದ್ದಾರೆ. ಉಳಿದವು ಅದರ ಹಿಂದೆ ಬಂದವು. 1931ರಲ್ಲಿ ಐದೂ ಸೂತ್ರಗಳು ಪುಸ್ತಕವಾದವು.

ಪುಸ್ತಕಗಳಿರುವುದು ಬಳಕೆಗೆ, ಪ್ರತಿ ಓದುಗರಿಗೂ ಅವರ ಪುಸ್ತಕ, ಪ್ರತಿ ಪುಸ್ತಕಕ್ಕೂ ಅದರ ಓದುಗ, ಓದುಗರ ಸಮಯ ಉಳಿಸಿ, ಗ್ರಂಥಾಲಯ ಬೆಳೆಯುವ ಜೀವಿ. ಪರೀಕ್ಷೆಯಲ್ಲಿ ಐದು ಅಂಕಕ್ಕೆ ಬರೆಯುವ ಈ ಸಾಲುಗಳು ಕೌಂಟರಿನ ಹಿಂದೆ ಕೂತಾಗ ಐದು ಪ್ರಶ್ನೆಗಳಾಗುತ್ತವೆ. ಮೂರನೆಯದು ನನಗೆ ಬಹಳ ಇಷ್ಟ, ಏಕೆಂದರೆ ಅದು ಪುಸ್ತಕದ ಪರವಾಗಿ ಮಾತಾಡುತ್ತದೆ. ಮೈಸೂರಿನ ಓರಿಯಂಟಲ್ ಲೈಬ್ರರಿಗೆ ತಂಜಾವೂರು ಕಡೆಯ ಪಂಡಿತರೊಬ್ಬರು ಒಂದು ಹಸ್ತಪ್ರತಿ ಕೊಟ್ಟರು. ಅದು ಕೌಟಿಲ್ಯನ ಅರ್ಥಶಾಸ್ತ್ರ ಎಂದು 1905ರಲ್ಲಿ ಗುರುತಿಸಿದವರು ಅಲ್ಲಿನ ಗ್ರಂಥಪಾಲಕರಾಗಿದ್ದ ಆರ್. ಶಾಮಶಾಸ್ತ್ರಿ. 1909ರಲ್ಲಿ ಮೂಲ ಅಚ್ಚಾಯಿತು, 1915ರಲ್ಲಿ ಇಂಗ್ಲಿಷ್ ಅನುವಾದ ಬಂತು. ನಂಬರು ಕೊಟ್ಟು ಕಪಾಟಿಗೆ ಸೇರಿಸಿದ್ದರೂ ಅವರ ಕೆಲಸ ಮುಗಿಯುತ್ತಿತ್ತು, ಯಾರೂ ಕೇಳುತ್ತಿರಲಿಲ್ಲ. ಬಂದ ಕಟ್ಟನ್ನು ಬಿಚ್ಚಿ ಓದಿದರು.

ನಾಲ್ಕನೇ ಸೂತ್ರ, ಸಮಯ ಉಳಿಸುವುದು, ಕೇಳಲು ಸುಲಭ. ಓದುಗರು ಕೇಳುವ ಪ್ರಶ್ನೆ ಮತ್ತು ಅವರಿಗೆ ಬೇಕಾದದ್ದು ಒಂದೇ ಆಗಿರುವುದು ಮಾತ್ರ ಕಡಿಮೆ. ಒಂದು ಉದಾಹರಣೆ ಹೇಳುತ್ತೇನೆ. ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ. ಒಬ್ಬ ಹುಡುಗಿ ಬಂದು ಕೇಳಿದಳು.

“ಮೇಡಂ, ಲಾ ಬುಕ್ ಇದ್ಯಾ?”

“ಇದೆ ಕಣಮ್ಮ. ಯಾವ ವಿಷಯದ್ದು?”

“ಯಾವ್ದಾದ್ರೂ ಪರ್ವಾಗಿಲ್ಲ ಮೇಡಂ. ಸುಮ್ನೆ ಓದೋಕೆ.”

ಸುಮ್ಮನೆ ಓದಲು ಯಾರೂ ಲಾ ಬುಕ್ ಕೇಳುವುದಿಲ್ಲ. ಹಾಗೆಂದು ‘ಏಕೆ’ ಎಂದು ನೇರವಾಗಿ ಕೇಳಿದರೆ ಬಾಗಿಲು ಮುಚ್ಚಿಕೊಳ್ಳುತ್ತದೆ. ಕಪಾಟಿನ ಹತ್ತಿರ ಕರೆದುಕೊಂಡು ಹೋಗಿ, “ಇಲ್ಲಿ ಸಂವಿಧಾನದ್ದು, ಇಲ್ಲಿ ಗ್ರಾಹಕರದ್ದು, ಇಲ್ಲಿ ಆಸ್ತಿದು” ಎಂದು ತೋರಿಸುತ್ತಾ ಹೋದೆ. ಮೂರನೆಯದರ ಹತ್ತಿರ ಅವಳು ನಿಂತಳು.

“ಅಪ್ಪ ತೀರ್ಕೊಂಡು ವರ್ಷ ಆಯ್ತು ಮೇಡಂ. ಪೌತಿ ಖಾತೆಗೆ ಅಂತ ಚಿಕ್ಕಪ್ಪ ಒಂದು ಪೇಪರ್ ತಂದಿದ್ದಾರೆ, ಸೈನ್ ಹಾಕು ಅಂತಾರೆ. ಮೇಲೆ ಹಕ್ಕು ಬಿಡುಗಡೆ ಪತ್ರ ಅಂತ ಬರ್ದಿದೆ.”

ಪೌತಿ ಖಾತೆ ಎಂದರೆ ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ದಾಖಲಿಸುವುದು. ಹಕ್ಕು ಬಿಡುಗಡೆ ಪತ್ರ ಎಂದರೆ ತನ್ನ ಪಾಲನ್ನು ಬಿಟ್ಟುಕೊಡುವುದು. ಎರಡಕ್ಕೂ ಇರುವ ದೂರ ಅವಳಿಗೆ ಗೊತ್ತಿರಲಿಲ್ಲ. ಗ್ರಂಥಪಾಲಕಿಯಾಗಿ ನನ್ನ ಗೆರೆ ಎಲ್ಲಿದೆ? ‘ಸೈನ್ ಹಾಕಬೇಡ’ ಎಂದು ಬಾಯ ತುದಿಗೆ ಬಂದಿತ್ತು. ಹೇಳಲಿಲ್ಲ. ನಾನು ವಕೀಲೆಯಲ್ಲ, ಆ ಮನೆಯವಳೂ ಅಲ್ಲ. 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿ ಕಾಯ್ದೆಯ ಕನ್ನಡ ಪಾಠ ತೆಗೆದುಕೊಟ್ಟೆ. ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಸಮಪಾಲು ಎಂದು 2020ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನ ಸುದ್ದಿ ಬಂದ ಪತ್ರಿಕೆಯನ್ನು ಹಳೆಯ ಫೈಲಿನಿಂದ ಹುಡುಕಿದೆ. ಹೆಂಗಸರಿಗೆ ಉಚಿತವಾಗಿ ಕಾನೂನು ನೆರವು ಕೊಡುವ ತಾಲ್ಲೂಕು ಕಾನೂನು ಸೇವಾ ಸಮಿತಿ ಕೋರ್ಟಿನ ಆವರಣದಲ್ಲೇ ಇದೆ ಎಂದು ಒಂದು ಚೀಟಿಯಲ್ಲಿ ಬರೆದುಕೊಟ್ಟೆ. ಮುಂದಿನದು ಅವಳ ತೀರ್ಮಾನ. ತಿಳಿವಳಿಕೆ ಸಿಗುವ ಜಾಗದ ತನಕ ಜೊತೆಗೆ ನಡೆಯುವುದು, ತೀರ್ಮಾನದ ಬಾಗಿಲಲ್ಲಿ ನಿಂತುಬಿಡುವುದು. ಈ ನಿಲ್ಲುವಿಕೆಯನ್ನು ಕಲಿಯಲು ನನಗೆ ಎಷ್ಟೋ ವರ್ಷ ಹಿಡಿಯಿತು.

ಕಥೆ ಅಲ್ಲಿಗೆ ಮುಗಿಯಲಿಲ್ಲ. ವಾರದೊಳಗೆ ಆ ಹುಡುಗಿಯ ಮನೆಗೆ ಪರಿಚಯದವರೊಬ್ಬರು ಗ್ರಂಥಾಲಯಕ್ಕೆ ಬಂದು, “ನಮ್ಮ ಹುಡುಗಿ ಏನೇನು ಪುಸ್ತಕ ತಗೊಂಡಿದಾಳೆ, ಸ್ವಲ್ಪ ನೋಡಿ ಹೇಳಿ ಮೇಡಂ” ಎಂದರು. ದನಿಯಲ್ಲಿ ಕೆಡುಕೇನೂ ಇರಲಿಲ್ಲ. ನಮ್ಮ ಊರುಗಳಲ್ಲಿ ಇಂಥದ್ದನ್ನು ಕೇಳುವುದು ತಪ್ಪೆಂದು ಯಾರಿಗೂ ಅನಿಸುವುದಿಲ್ಲ. “ಓದುಗರ ದಾಖಲೆ ಬೇರೆಯವರಿಗೆ ತೋರಿಸುವ ಹಾಗಿಲ್ಲ ಸರ್, ನಿಮ್ಮದನ್ನೂ ಯಾರಿಗೂ ತೋರಿಸಲ್ಲ” ಎಂದೆ. ಬೇಸರ ಮಾಡಿಕೊಂಡು ಹೋದರು.

ಓದುಗರ ಗುಟ್ಟು ಕಾಯುವುದು ಈ ವೃತ್ತಿಯ ಹಳೆಯ ಮೌಲ್ಯ. ಅಮೆರಿಕನ್ ಲೈಬ್ರರಿ ಅಸೋಸಿಯೇಷನ್ 1939ರಲ್ಲೇ ನೀತಿಸಂಹಿತೆ ಒಪ್ಪಿಕೊಂಡಿತು, ಗ್ರಂಥಾಲಯಗಳ ಅಂತಾರಾಷ್ಟ್ರೀಯ ಒಕ್ಕೂಟ ಇಫ್ಲಾ 2012ರಲ್ಲಿ ತನ್ನದನ್ನು ಹೊರತಂದಿತು. ಕಾಗದದ ಮೇಲಿನ ಮಾತು ಪರೀಕ್ಷೆಗೆ ಬಿದ್ದದ್ದು 2005ರಲ್ಲಿ, ಅಮೆರಿಕದ ಕನೆಕ್ಟಿಕಟ್‌ನಲ್ಲಿ. ಗ್ರಂಥಾಲಯದ ಕಂಪ್ಯೂಟರ್ ಬಳಸಿದವರ ವಿವರ ಕೊಡಿ, ಈ ಪತ್ರ ಬಂದದ್ದನ್ನೂ ಯಾರಿಗೂ ಹೇಳಬೇಡಿ ಎಂದು ಎಫ್‌ಬಿಐ ಆದೇಶಿಸಿತು. ನ್ಯಾಯಾಧೀಶರ ಸಹಿ ಇಲ್ಲದ ಆದೇಶ ಅದು. ನಾಲ್ವರು ಗ್ರಂಥಪಾಲಕರು ಕೋರ್ಟಿಗೆ ಹೋದರು. ಮಾತಾಡುವ ನಿರ್ಬಂಧ ಇದ್ದುದರಿಂದ ತಮ್ಮ ಹೆಸರನ್ನೂ ಹೇಳುವಂತಿರಲಿಲ್ಲ. 2006ರಲ್ಲಿ ಸರ್ಕಾರ ಹಿಂದೆ ಸರಿಯಿತು. ನಮ್ಮ ತಾಲ್ಲೂಕು ಕೇಂದ್ರಗಳಿಗೆ ಎಫ್‌ಬಿಐ ಬರುವುದಿಲ್ಲ. ಬರುವುದು ಚಿಕ್ಕಪ್ಪ, ವಾರ್ಡನ್, ಪಕ್ಕದ ವಿಭಾಗದ ಮೇಷ್ಟ್ರು. ಪರಿಚಯದವರಿಗೆ ‘ಇಲ್ಲ’ ಅನ್ನುವುದು ಇನ್ನೂ ಕಷ್ಟ. ಹಳೆಯ ಬುಕ್ ಕಾರ್ಡುಗಳಲ್ಲಂತೂ ಹಿಂದೆ ಒಯ್ದವರ ನಂಬರುಗಳೆಲ್ಲ ಸಾಲಾಗಿ ಕಾಣುತ್ತಿದ್ದವು. ಈಗ ಕೋಹಾದಂಥ ಗ್ರಂಥಾಲಯ ತಂತ್ರಾಂಶದಲ್ಲಿ, ಹಿಂತಿರುಗಿಸಿದ ಪುಸ್ತಕಕ್ಕೂ ಓದುಗರಿಗೂ ಇರುವ ಕೊಂಡಿಯನ್ನು ಅಳಿಸಿಹಾಕುವ ಅನುಕೂಲ ಇದೆ. ಅದನ್ನು ಬಳಸಿ ಎಂದು ಸಹೋದ್ಯೋಗಿಗಳಿಗೆ ಸಿಕ್ಕಲ್ಲೆಲ್ಲ ಹೇಳುತ್ತೇನೆ.

ಮೌಲ್ಯ ಇಂಥ ಸಂಕಟದ ಹೊತ್ತಿನಲ್ಲಷ್ಟೇ ಎದುರಾಗುತ್ತದೆ ಎಂದುಕೊಳ್ಳಬೇಡಿ. ಪುಸ್ತಕದ ಬೆನ್ನಿಗೆ ಅಂಟಿಸುವ ಪುಟ್ಟ ಚೀಟಿಯಲ್ಲೂ ಅದಿದೆ. ನಮ್ಮಲ್ಲಿ ಬಹುತೇಕ ಗ್ರಂಥಾಲಯಗಳು ಬಳಸುವುದು ಮೆಲ್ವಿಲ್ ಡ್ಯೂಯಿ 1876ರಲ್ಲಿ ರೂಪಿಸಿದ ದಶಮಾಂಶ ವರ್ಗೀಕರಣವನ್ನು. ಅದರಲ್ಲಿ ಇಂಗ್ಲಿಷ್ ಸಾಹಿತ್ಯಕ್ಕೆ 820, ಜರ್ಮನ್ನಿಗೆ 830, ಫ್ರೆಂಚಿಗೆ 840. ಯುರೋಪಿನ ಕೆಲವು ಭಾಷೆಗಳು ಮುಗಿದ ಮೇಲೆ ಉಳಿದ ಜಗತ್ತಿಗೆಲ್ಲ 890. ಕನ್ನಡ ಸಿಗುವುದು 894.814ರಲ್ಲಿ. ಧರ್ಮದಲ್ಲೂ ಹಾಗೇ: 220ರಿಂದ 280ರ ತನಕ ಬೈಬಲ್ ಮತ್ತು ಕ್ರೈಸ್ತ ಧರ್ಮ, ಮಿಕ್ಕ ಎಲ್ಲ ಧರ್ಮಗಳೂ 290ರ ಒಳಗೆ. ನಂಬರು ಹಾಕುವ ಕೆಲಸ ಯಾಂತ್ರಿಕ ಅನ್ನುವವರು ಒಂದು ವಚನ ಸಂಪುಟವನ್ನು ಕೈಯಲ್ಲಿ ಹಿಡಿದು ನೋಡಲಿ. ಕಾವ್ಯ ಎಂದು 894.8141ಕ್ಕೆ ಕೊಟ್ಟರೆ ಅದು ಹಳಗನ್ನಡ, ನವೋದಯಗಳ ಪಕ್ಕ ನಿಲ್ಲುತ್ತದೆ; ಧರ್ಮ ಎಂದು 294.5ರ ಕೆಳಗೆ ಕೊಟ್ಟರೆ ಪುರಾಣಗಳ ನೆರೆಗೆ ಹೋಗುತ್ತದೆ. ಕಾವ್ಯದ ಕಪಾಟಿನಲ್ಲಿ ಕೈಯಾಡಿಸುವ ಹುಡುಗಿಗೆ ವಚನ ಎದುರಾಗಬೇಕೋ ಬೇಡವೋ ಎಂದು ಆ ಚೀಟಿ ಬರೆದವರು ಅವಳ ಪರವಾಗಿ ಮೊದಲೇ ತೀರ್ಮಾನಿಸಿರುತ್ತಾರೆ. ನಾನು ಕಾವ್ಯಕ್ಕೇ ಕೊಟ್ಟಿದ್ದೇನೆ. ಇದನ್ನು ಒಪ್ಪದ ಒಳ್ಳೆಯ ಗ್ರಂಥಪಾಲಕರೂ ಇದ್ದಾರೆ.

ಕಾಲೇಜುಗಳಲ್ಲಿ ಈಗ ಹೊಸ ಒತ್ತಡವೊಂದು ಬಂದಿದೆ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ನಿಯಮಾವಳಿ ಬಂದ ಮೇಲೆ, ಸಂಶೋಧನಾ ಪ್ರಬಂಧಗಳಲ್ಲಿ ಕೃತಿಚೌರ್ಯ ಇದೆಯೇ ಎಂದು ನೋಡುವ ಹೋಲಿಕೆ ತಪಾಸಣೆ ಅನೇಕ ಕಡೆ ಗ್ರಂಥಾಲಯದ ಕೆಲಸವಾಗಿದೆ. ಹೋಲಿಕೆ 10 ಪ್ರತಿಶತದೊಳಗಿದ್ದರೆ ದಂಡನೆ ಇಲ್ಲ, 60 ದಾಟಿದರೆ ನೋಂದಣಿಯೇ ರದ್ದು. ವರದಿಯಲ್ಲಿ 23 ಬಂದಾಗ, “ಇದನ್ನೊಂದು ಬಿಟ್ಟು, ಅದನ್ನೊಂದು ಬಿಟ್ಟು ಇನ್ನೊಮ್ಮೆ ಹಾಕಿ ನೋಡಿ ಮೇಡಂ” ಎಂಬ ವಿನಂತಿ ಬರುತ್ತದೆ. ಉದ್ಧರಣೆ, ಗ್ರಂಥಸೂಚಿ ಬಿಡುವುದು ನ್ಯಾಯ. ಇಡೀ ಅಧ್ಯಾಯವನ್ನೇ ತಪಾಸಣೆಯಿಂದ ಬಿಡುವುದು ಮೋಸ. ಕೇಳುವವರು ಹೆಚ್ಚಾಗಿ ಕೆಟ್ಟವರಲ್ಲ. ಉಲ್ಲೇಖ ಬರೆಯುವುದನ್ನು ಅವರಿಗೆ ಯಾರೂ ಹೇಳಿಕೊಟ್ಟಿರುವುದಿಲ್ಲ. ಹಾಗಾಗಿ ನನ್ನ ಮಟ್ಟಿಗೆ ಪ್ರಾಮಾಣಿಕತೆಯ ಅರ್ಧ ಭಾಗ ವರದಿಯನ್ನು ತಿದ್ದದಿರುವುದರಲ್ಲಿದ್ದರೆ, ಇನ್ನರ್ಧ ಅವರ ಪಕ್ಕ ಕೂತು ಆ ಅಧ್ಯಾಯವನ್ನು ಅವರದೇ ಮಾತಿನಲ್ಲಿ ಬರೆಯಲು ಹೇಳಿಕೊಡುವುದರಲ್ಲಿದೆ.

ಇಷ್ಟೆಲ್ಲ ಮಾಡುವವರನ್ನು ಏನೆಂದು ಕರೆಯುತ್ತಾರೆ ಎಂಬುದೂ ಅಸ್ಮಿತೆಯ ಭಾಗ. ಯುಜಿಸಿ ಪ್ರಕಾರ ಕಾಲೇಜು ಗ್ರಂಥಪಾಲಕರ ವೇತನ ಶ್ರೇಣಿ ಸಹಾಯಕ ಪ್ರಾಧ್ಯಾಪಕರದ್ದೇ. ಆದರೂ ಸಿಬ್ಬಂದಿ ಸಭೆಯಲ್ಲಿ ನಾವು ಅತ್ತ ಮೇಷ್ಟ್ರುಗಳೂ ಅಲ್ಲ, ಇತ್ತ ಕಚೇರಿಯವರೂ ಅಲ್ಲ. ಹಳ್ಳಿಗಳಲ್ಲಿ ಇನ್ನೂ ಕಷ್ಟ. 2019ರಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದವು, ಈಗ ಅವು ಅರಿವು ಕೇಂದ್ರಗಳು. 2020ರಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ಸಿಕ್ಕಿತು. ಅಲ್ಲಿ ಬಾಗಿಲು ತೆರೆದು, ಕಸ ಗುಡಿಸಿ, ಪತ್ರಿಕೆ ಜೋಡಿಸಿ, ಮಕ್ಕಳಿಗೆ ಕಥೆ ಓದಿ ಹೇಳುವವರ ಹುದ್ದೆಯ ಹೆಸರು ‘ಮೇಲ್ವಿಚಾರಕರು’. ಕನಿಷ್ಠ ವೇತನಕ್ಕಾಗಿ ಅವರು ವರ್ಷಗಟ್ಟಲೆ ಹೋರಾಡಬೇಕಾಯಿತು. ಹೆಸರಿನಲ್ಲೂ ಸಂಬಳದಲ್ಲೂ ವೃತ್ತಿಯ ಗೌರವ ಕೊಡದೆ ವೃತ್ತಿಪರತೆಯನ್ನು ಮಾತ್ರ ಕೇಳುವುದು ಅನ್ಯಾಯ ಎಂದು ನಾನು ನಂಬಿದ್ದೇನೆ.

ಆದರೆ ಓದುಗರ ಮುಂದೆ ಆ ಅನ್ಯಾಯದ ಸಿಟ್ಟನ್ನು ತೋರಿಸಲು ಬರುವುದಿಲ್ಲ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯಗಳ ಕಾಯ್ದೆಯ ಪ್ರಕಾರ ನಾವೆಲ್ಲ ಆಸ್ತಿ ತೆರಿಗೆಯ ಜೊತೆಗೆ ರೂಪಾಯಿಗೆ 6 ಪೈಸೆ ಗ್ರಂಥಾಲಯ ಕರ ಕಟ್ಟುತ್ತೇವೆ. ಸಾರ್ವಜನಿಕ ಗ್ರಂಥಾಲಯದ ಹೊಸ್ತಿಲಲ್ಲಿ ‘ಬರಬಹುದಾ ಸರ್’ ಎಂದು ಅಳುಕಿ ನಿಲ್ಲುವ ಮನುಷ್ಯ ಆ ಕಪಾಟಿನ ಪಾಲುದಾರ. ಇದನ್ನು ಅವರಿಗೆ ಹೇಳಿ ಒಳಗೆ ಕರೆಯುವುದು ನಮ್ಮ ಕೆಲಸ.

ಹೊಸದಾಗಿ ಸೇರಿದವರು ‘ಈ ಮೌಲ್ಯಗಳೆಲ್ಲ ರೂಢಿಯಾಗುವುದು ಹೇಗೆ’ ಎಂದು ಕೇಳುತ್ತಾರೆ. ಬಿ.ಲಿಬ್, ಎಂ.ಲಿಬ್‌ನಲ್ಲಿ ಕಲಿತದ್ದು ಬೇಕು, ಬೇರೆ ಗ್ರಂಥಾಲಯದವರ ಜೊತೆ ಮಾತುಕತೆ ಬೇಕು. ನನ್ನನ್ನು ಹೆಚ್ಚು ತಿದ್ದಿದ್ದು ಮಾತ್ರ 200 ಪುಟದ ಒಂದು ನೋಟ್‌ಬುಕ್ಕು. ನಾನು ‘ಇಲ್ಲ’ ಎಂದು ಹೇಳಿದ ಪ್ರತಿ ಪ್ರಶ್ನೆಯನ್ನೂ ಅದರಲ್ಲಿ ಬರೆಯುತ್ತೇನೆ. ಕೇಳಿದವರ ಹೆಸರಿಲ್ಲ, ತಾರೀಖು ಮತ್ತು ಪ್ರಶ್ನೆ ಅಷ್ಟೆ. ಮೊದಲ ವರ್ಷದ ಪುಟಗಳನ್ನು ಈಗ ಓದಿದರೆ, ಅರ್ಧಕ್ಕರ್ಧ ಪುಸ್ತಕಗಳು ಆಗಲೇ ನಮ್ಮಲ್ಲಿದ್ದವು, ನಾನೇ ಹುಡುಕಿರಲಿಲ್ಲ ಎಂದು ಗೊತ್ತಾಗುತ್ತದೆ. ಪುಸ್ತಕ ಖರೀದಿಯ ಪಟ್ಟಿ ಮಾಡುವಾಗ ಪ್ರಕಾಶಕರ ಕ್ಯಾಟಲಾಗಿಗಿಂತ ಮೊದಲು ಈ ನೋಟ್‌ಬುಕ್ಕನ್ನೇ ತೆರೆಯುತ್ತೇನೆ. ಕಳೆದ ವಾರದ ಪುಟದಲ್ಲಿ ಎರಡು ಸಾಲುಗಳಿವೆ. ಅಡಿಕೆಯ ಎಲೆಚುಕ್ಕಿ ರೋಗದ ಬಗ್ಗೆ ಕನ್ನಡದಲ್ಲಿ, ರೈತರಿಗೆ ತಿಳಿಯುವ ಹಾಗೆ. ಕಿವಿ ಕೇಳದ ತಂಗಿಯ ಜೊತೆ ಮಾತಾಡಲು ಸಂಜ್ಞಾ ಭಾಷೆ ಕಲಿಸುವ ಪುಸ್ತಕ. ಮೊದಲನೆಯದಕ್ಕೆ ಕೃಷಿ ವಿಜ್ಞಾನ ಕೇಂದ್ರಕ್ಕೆ ಫೋನ್ ಮಾಡಿದೆ, ಕಿರುಹೊತ್ತಿಗೆ ಕಳಿಸುತ್ತೇವೆ ಎಂದಿದ್ದಾರೆ. ಎರಡನೆಯದನ್ನು ಇನ್ನೂ ಹುಡುಕುತ್ತಿದ್ದೇನೆ.